ಕೋವಿಗೆ ಯಾವ ಬಣ್ಣ?

ನಮ್ಮ ಮನೆಯ ಜೋಡು ನಳಿಗೆ ಕೋವಿ ವರ್ಷಕ್ಕೊಂದು ದಿನ ಮದುಮಗನಾಗುತ್ತದೆ. ಸೆಪ್ಟೆಂಬರ್ 3ರ ಆಸುಪಾಸಿನ ಕೈಲ್ ಪೋಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪದ ಮುಂದೆ, ಬಾಯಿಗೆ ಹೂವಿಟ್ಟುಕೊಂಡು ನಿಲ್ಲುತ್ತದೆ. ಮಿಕ್ಕ ದಿನಗಳಲ್ಲಿ ಬೀರುವಿನೊಳಗೆ ಕಂಬಳಿ ಹೊದ್ದು ಮಲಗಿರುತ್ತದೆ. ಈ ಸಲ ಹಬ್ಬಕ್ಕೆ ಎರಡು ವಾರವಿರುವಾಗ ಬಿಚ್ಚಿ ನೋಡಿದರೆ ನಳಿಗೆಯ ತುಂಬ ಕೆಂಪು ಚುಕ್ಕೆ, ದಡಾರ ಎದ್ದ ಮಗುವಿನಂತೆ. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಕಬ್ಬಿಣ ತಾನೇ ಎಷ್ಟು ದಿನ ತಡೆದೀತು?

ಟೆಕ್ಸಾಸಿನಲ್ಲಿರುವ ಸೋದರಳಿಯನಿಗೆ ಚಿತ್ರ ಕಳುಹಿಸಿದೆ. “ಮಾವ, ಸೆರಾಕೋಟ್ ಮಾಡಿಸಿಬಿಡಿ, ತುಕ್ಕಿನ ಕಾಟವೇ ಇರುವುದಿಲ್ಲ” ಎಂದ. ಅಲ್ಲಿ ಅದು ಸಾಮಾನ್ಯವಂತೆ. ಕೋವಿಯನ್ನು ಬಿಚ್ಚಿ, ಜಿಡ್ಡು ತೆಗೆದು, ಮರಳಿನಂಥ ಪುಡಿಯನ್ನು ರಭಸವಾಗಿ ಊದಿ ಲೋಹವನ್ನು ತುಸು ತರಿಯಾಗಿಸಿ, ಪಿಂಗಾಣಿಯ ಅಂಶವಿರುವ ಲೇಪವನ್ನು ಸಿಂಪಡಿಸಿ, ಒಲೆಯಲ್ಲಿ ಸುಮಾರು 120 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪದರ ಕೂದಲೆಳೆಗಿಂತ ತೆಳು. ಅವನು ತನ್ನ ಕೋವಿಗೆ ಮರುಭೂಮಿಯ ಮರಳಿನ ಬಣ್ಣ ಹಾಕಿಸಿದ್ದಾನೆ. ಬಣ್ಣಗಳ ಪಟ್ಟಿಯನ್ನೂ ಕಳುಹಿಸಿದ. ಸೀರೆ ಅಂಗಡಿಯಲ್ಲಿ ಕುಳಿತವನಂತೆ ಒಂದು ಸಂಜೆಯೆಲ್ಲ ಅದನ್ನು ಸರಿಸುತ್ತ ಕುಳಿತಿದ್ದೆ ಎಂದು ಒಪ್ಪಿಕೊಳ್ಳಬೇಕು. ಹಸಿರು-ಕಂದು ಮಚ್ಚೆಗಳ ಕಾಡಿನ ಬಣ್ಣದ ಮೇಲೆ ಮನಸ್ಸು ನಿಂತಿತ್ತು. ಆದರೆ ಯಾರ ಕಣ್ಣಿಗೆ ಬೀಳದಿರಲು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಎಂಬುದು ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ. ನಾವೀಗ ಗುರಿಯಿಡುವುದು ಹಬ್ಬದ ದಿನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ. ಅದಕ್ಕೆ ಕಣ್ಣು ಮೂರಿದ್ದರೂ ನಮ್ಮನ್ನು ಕಂಡು ಓಡಿದ ದಾಖಲೆಯಿಲ್ಲ.

ಕೋವಿಯನ್ನು ಬೈಕಿಗೆ ಬಣ್ಣ ಹೊಡೆಯುವವನ ಕೈಗೆ ಕೊಡುವಂತಿಲ್ಲ. ರಿಪೇರಿಗೂ ಪರವಾನಗಿ ಇದ್ದವನೇ ಬೇಕು. ಅಂಥ ಒಬ್ಬ ಹಿರಿಯರ ಬಳಿ ಹೋದೆ. ಕನ್ನಡಕ ಹಣೆಗೇರಿಸಿ ನಳಿಗೆಯನ್ನು ಬೆಳಕಿಗೆ ಹಿಡಿದರು. “ಈ ಕಪ್ಪು ಏನೆಂದು ತಿಳಿದಿದ್ದೀರಿ? ಇದೂ ತುಕ್ಕೇ” ಎಂದರು. ಹಳೆಯ ಕ್ರಮದಲ್ಲಿ ನಳಿಗೆಗೆ ದ್ರಾವಣ ಸವರಿ, ತೇವದಲ್ಲಿಟ್ಟು, ಬೇಕೆಂದೇ ಕೆಂಪು ತುಕ್ಕು ಬರಿಸುತ್ತಾರೆ. ಆಮೇಲೆ ಕುದಿಯುವ ನೀರಿನಲ್ಲಿಟ್ಟರೆ ಕೆಂಪು ಕಪ್ಪಾಗುತ್ತದೆ. ಉಜ್ಜಿ, ಮತ್ತೆ ಸವರಿ, ಮತ್ತೆ ಕುದಿಸಿ, ಹೀಗೇ ಹಲವು ಸಲ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಎಣ್ಣೆ ಹೀರಿಕೊಂಡು ಅದನ್ನು ಕಾಯುತ್ತದೆ. ಒಂದೇ ತಾಯಿಯ ಮಕ್ಕಳು, ಬುದ್ಧಿ ಬೇರೆ! ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಅದ್ದಿ ಬೇಗ ಮುಗಿಸುವ ವಿಧಾನವೂ ಇದೆ. ಆದರೆ ಜೋಡು ನಳಿಗೆಗಳನ್ನು ಸೇರಿಸಿರುವ ಬೆಸುಗೆಯನ್ನು ಅದು ತಿಂದುಹಾಕುತ್ತದಂತೆ. ನಮ್ಮ ಕುಟುಂಬದಲ್ಲಿ ಅಣ್ಣತಮ್ಮಂದಿರ ಪಾಲಿನ ಗಲಾಟೆ ಈಗಾಗಲೇ ಸಾಕಷ್ಟಿದೆ. ನಳಿಗೆಗಳೂ ಬೇರೆಯಾಗುವುದು ಬೇಡ.

ಸೆರಾಕೋಟ್ ಎಂದದ್ದಕ್ಕೆ ಅವರು ನಗಲಿಲ್ಲ. “ಒಳ್ಳೆಯದೇ, ಹೊಸ ಕೋವಿಗೆ. ಆದರೆ ಇದಕ್ಕೆ ಮರಳು ಹೊಡೆಯುವವನು ನಂಬರಿನ ಮೇಲೆ ಕೈ ಜಾರಿಸಿದರೆ?” ನಾನು ಬೆವೆತೆ. ಕೋವಿಯ ನಂಬರನ್ನು ಅಳಿಸುವುದು ಆಯುಧ ಕಾಯಿದೆಯಲ್ಲಿ ಅಪರಾಧ. ಕೊಡವರಾದ ನಮಗೆ ಬ್ರಿಟಿಷರ ಕಾಲದಿಂದ ಬಂದ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರಿನವರೆಗೆ ಮುಂದುವರಿಸಿದೆ ನಿಜ. ಆ ವಿನಾಯಿತಿ ಮಾಸಿದ ನಂಬರಿಗೆ ಅನ್ವಯಿಸುವುದಿಲ್ಲ.

ಅವರ ಬೆರಳು ನಳಿಗೆಯ ನಡುವೆ ಒಂದು ಕಡೆ ನಿಂತಿತು. ಅಲ್ಲಿ ಕಪ್ಪು ಪೂರ್ತಿ ಸವೆದು ಬೆಳ್ಳಗಾಗಿದೆ. ಅಜ್ಜ ಎಡಗೈಯಲ್ಲಿ ಹಿಡಿದು ತೋಟ ಸುತ್ತುತ್ತಿದ್ದ ಜಾಗ. ನಾನು ಹುಟ್ಟಿದಾಗ ಹಾರಿಸಿದ ಒಂದು ಈಡು, ಅಪ್ಪ ತೀರಿಕೊಂಡಾಗ ಹಾರಿಸಿದ ಎರಡು ಈಡು, ಎಲ್ಲವೂ ಇದರವೇ. ನನ್ನ ಕೈಯನ್ನು ಆ ಬಿಳಿ ಜಾಗದ ಮೇಲಿಟ್ಟು ನೋಡಿದೆ. ಎರಡು ಬೆರಳಿನಷ್ಟು ಮಿಕ್ಕಿತು. ಅಜ್ಜನ ಅಂಗೈ ದೊಡ್ಡದು.

ಇಷ್ಟಾದರೂ ಹೊಸ ಬಣ್ಣದ ಆಸೆ ಪೂರ್ತಿ ಬಿಟ್ಟಿರಲಿಲ್ಲ. ಮನೆಗೆ ಬರುವಾಗ ಬೇಲಿಯಲ್ಲಿ ತೋಕ್ ಪೂ ಅರಳಿತ್ತು. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಗಡ್ಡೆಯಲ್ಲಿ ವಿಷ, ಎಸಳಿನಲ್ಲಿ ಬೆಂಕಿ: ಕೆಳಗೆ ಹಳದಿ, ಮೇಲೆ ಕೆಂಪು. ಹಬ್ಬದ ದಿನ ಕೋವಿಯ ಬಾಯಿಗೆ ಸಿಕ್ಕಿಸುವುದು ಇದನ್ನೇ. ಒಂದನ್ನು ಕಿತ್ತು, ಮೊಬೈಲಿನಲ್ಲಿದ್ದ ಅಳಿಯನ ಕೋವಿಯ ಚಿತ್ರದ ಮೇಲಿಟ್ಟೆ. ಹಳದಿ ಎಲ್ಲಿ ಹೋಯಿತೋ ಕಾಣಲಿಲ್ಲ. ಪಟ್ಟಿಯಲ್ಲಿದ್ದ ಕೆಂಪಿನ ಮೇಲಿಟ್ಟರೆ ಹೂವಿನ ಕೆಂಪು ಮಾಯ. ಕೊನೆಗೆ ಕಂಕುಳಲ್ಲಿದ್ದ ಕೋವಿಯ ಕಪ್ಪಿನ ಮೇಲಿಟ್ಟೆ. ಹೂವು ಹೊತ್ತಿಕೊಂಡಿತು.

ಸಂಜೆ ಎಣ್ಣೆಯಲ್ಲಿ ಅದ್ದಿದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜುತ್ತ ಕುಳಿತೆ. ಚುಕ್ಕೆಗಳು ಒಂದೊಂದಾಗಿ ಬಿಟ್ಟವು. ತೇವ ಹಿಡಿದಿಟ್ಟುಕೊಂಡಿದ್ದ ಕಂಬಳಿಯನ್ನು ನಾಯಿಗೆ ಹಾಸಿದೆ.