ಟಿಎಂಎಸ್ ಎಲ್ಲ ಮನೋವೈದ್ಯರೂ ಕಲಿಯಲೇಬೇಕಾ?

ಪ್ರಶ್ನೆ ಇಷ್ಟೇ. ತಲೆಯ ಮೇಲೆ ಕಾಯಿಲ್ (ತಂತಿಯ ಸುರುಳಿ) ಇಟ್ಟು, ಅಯಸ್ಕಾಂತದ ಶಕ್ತಿಯಿಂದ ಮಿದುಳನ್ನು ಚುರುಕುಗೊಳಿಸುವ ಚಿಕಿತ್ಸೆಗೆ ಟಿಎಂಎಸ್ ಎನ್ನುತ್ತಾರೆ. ಎಂಡಿ ಸೈಕಿಯಾಟ್ರಿ ಓದುವ ಪ್ರತಿಯೊಬ್ಬರೂ ಅದನ್ನು ಕೈಯಾರೆ ಮಾಡಿ ಕಲಿಯಬೇಕು ಎಂದು ನಿಯಮ ಮಾಡಬೇಕೇ?

ಪರ: ಮೆಷಿನ್ ಮಾರುವವರೇ ಮೇಷ್ಟ್ರಾಗುವುದು ಬೇಡ

ಟಿಎಂಎಸ್ ಈಗ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಯೊಳಗೆ ಮಾತ್ರ ಉಳಿದಿಲ್ಲ. ಖಾಸಗಿ ಕ್ಲಿನಿಕ್‌ಗಳಿಗೂ ಬಂದಿದೆ. ಖಿನ್ನತೆಗೆ, ಗೀಳು ಕಾಯಿಲೆಗೆ ಅಂದರೆ ಸರಿ. ಆದರೆ ಆಟಿಸಂಗೂ ಆಗುತ್ತೆ, ನೆನಪಿನ ಶಕ್ತಿಗೂ ಆಗುತ್ತೆ ಎನ್ನುವವರಿದ್ದಾರೆ. ಅಪ್ಪ ಅಮ್ಮ ಬಂದು "ಸಾರ್, ಮಗನಿಗೆ ಇದು ಮಾಡಿಸಬಹುದಾ?" ಎಂದು ಕೇಳಿದಾಗ, ಒಮ್ಮೆಯೂ ಕಾಯಿಲ್ ಹಿಡಿಯದ ಡಾಕ್ಟರ್ ಏನು ಹೇಳಬೇಕು? ಇಂಟರ್ನೆಟ್ಟಿನಲ್ಲಿ ಅವರು ಓದಿರುವಷ್ಟೇ ಇವರೂ ಓದಿರುತ್ತಾರೆ.

ಇದೇನು ನಿನ್ನೆ ಮೊನ್ನೆಯದಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಬುರುಡೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ತೋರಿಸಿದರು. 2008ರಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಖಿನ್ನತೆಗೆ, 2018ರಲ್ಲಿ ಗೀಳು ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಇಷ್ಟು ವರ್ಷ ಕಳೆದರೂ ಅದನ್ನು 'ಹೊಸದು' ಅಂತ ಪಕ್ಕಕ್ಕೆ ಇಡುವುದು ಸೋಮಾರಿತನ ಅಷ್ಟೇ.

ಗುಂಡಿ ಒತ್ತುವುದು ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಅದಕ್ಕೂ ಮೊದಲು. ಕಾಯಿಲ್ಲನ್ನು ಮೋಟಾರ್ ಕಾರ್ಟೆಕ್ಸ್ (ಕೈಕಾಲು ಆಡಿಸುವ ಮಿದುಳಿನ ಭಾಗ) ಮೇಲೆ ಮೆಲ್ಲಗೆ ಜರುಗಿಸುತ್ತಾ, ರೋಗಿಯ ಹೆಬ್ಬೆರಳು ಎಲ್ಲಿಟ್ಟಾಗ ಮಿಡಿಯುತ್ತದೆ ಎಂದು ಹುಡುಕಬೇಕು. ಹತ್ತು ಸಲ ಪಲ್ಸ್ ಕೊಟ್ಟರೆ ಐದು ಸಲ ಬೆರಳು ಅಲುಗುವ ಮಟ್ಟವೇ ಆ ರೋಗಿಯ 'ಮೋಟಾರ್ ಥ್ರೆಶೋಲ್ಡ್'. ಖಿನ್ನತೆಗೆ ಸಾಮಾನ್ಯವಾಗಿ ಅದರ 120 ಶೇಕಡಾದಷ್ಟು ಶಕ್ತಿಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಅಂದರೆ ಡೋಸ್ ಬರುವುದು ಪುಸ್ತಕದಿಂದಲ್ಲ, ಆ ಹೆಬ್ಬೆರಳಿನಿಂದ. ಆಮೇಲೆ ಚಿಕಿತ್ಸೆ ಕೊಡಬೇಕಾದ ಜಾಗ. ಬೆರಳು ಮಿಡಿದ ಜಾಗದಿಂದ 5 ಸೆಂಟಿಮೀಟರ್ ಮುಂದಕ್ಕೆ ಹೋಗಿ ಎನ್ನುವುದು ಹಳೆಯ ಪದ್ಧತಿ. ಎಲ್ಲರ ತಲೆಯೂ ಒಂದೇ ಅಳತೆಯದಲ್ಲ ಅಲ್ವಾ? ಎಷ್ಟೋ ಜನರಲ್ಲಿ ಅದು ಬೇಕಾದ ಜಾಗವನ್ನೇ ಮುಟ್ಟುವುದಿಲ್ಲ. ಹಾಗಾಗಿ ಟೇಪ್ ಹಿಡಿದು ತಲೆ ಅಳೆಯುವುದು, ಅನುಕೂಲ ಇದ್ದರೆ ಎಂಆರ್‌ಐ ನೋಡಿ ಜಾಗ ಗುರುತಿಸುವುದು ಬಂದಿದೆ. ಇದು ಓದಿ ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ಬಲ್ಲವರು ನಿಂತು, "ಇನ್ನೂ ಸ್ವಲ್ಪ ಹಿಂದೆ" ಎಂದು ಹೇಳಿಕೊಟ್ಟರೆ ಬರುತ್ತದೆ.

ಅಪಾಯದ ಮಾತು. ಚಿಕಿತ್ಸೆಯಿಂದ ಫಿಟ್ಸ್ ಬರುವುದು ಅಪರೂಪ, ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಆ ಒಬ್ಬರು ಯಾರಾಗಬಹುದು ಎಂದು ಊಹಿಸುವುದು ಡಾಕ್ಟರ ಕೆಲಸ. ಹಿಂದಿನ ರಾತ್ರಿ ನಿದ್ದೆ ಇಲ್ಲ, ಕುಡಿಯುವುದನ್ನು ಎರಡು ದಿನದ ಹಿಂದೆ ದಿಢೀರನೆ ಬಿಟ್ಟಿದ್ದಾರೆ, ಬೇರೆಯವರು ಬುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದಾರೆ. ಇವೆಲ್ಲ ಫಿಟ್ಸ್‌ಗೆ ದಾರಿ ಮಾಡುತ್ತವೆ. ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಅಳವಡಿಸುವ ಸಾಧನ) ಇದ್ದರೆ, ಮಿದುಳಿನ ರಕ್ತನಾಳಕ್ಕೆ ಲೋಹದ ಕ್ಲಿಪ್ ಹಾಕಿದ್ದರೆ ಕಾಯಿಲ್ ಹತ್ತಿರಕ್ಕೂ ಕರೆಯುವಂತಿಲ್ಲ. ಟೆಕ್ನಿಷಿಯನ್ ಫಾರಂ ತುಂಬಿಸಿಕೊಳ್ಳಬಹುದು. ಉತ್ತರದ ಹಿಂದೆ ಏನಿದೆ ಎಂದು ಕೆದಕುವವರು ಬೇರೆಯೇ ಇರಬೇಕು.

ಇಂದು ಮೆಷಿನ್ ಕೊಂಡವರಿಗೆ ಪಾಠ ಹೇಳುವುದು ಎಷ್ಟೋ ಕಡೆ ಅದನ್ನು ಮಾರಿದ ಕಂಪನಿಯೇ. 'ಯಾರಿಗೆ ಇದು ಬೇಡ' ಎಂಬ ಪಾಠ ಅಲ್ಲಿ ಎಷ್ಟು ಹೊತ್ತು ನಡೆದೀತು? ಕಾಲೇಜಿನಲ್ಲಿ ಕಲಿತರೆ ಆ ಪಾಠ ಮೊದಲು ಬರುತ್ತದೆ. ತಲೆಗೆ ಕರೆಂಟ್ ಕೊಡುವ ಇಸಿಟಿ ಚಿಕಿತ್ಸೆ ಕಲಿಯುವುದೂ ಹೀಗೆಯೇ ತಾನೆ? ಮೆಷಿನ್ ಇಲ್ಲದ ಕಾಲೇಜಿನವರನ್ನು ಇರುವ ಕಡೆಗೆ ಪೋಸ್ಟಿಂಗ್ ಹಾಕಿ.

ವಿರೋಧ: ಕೊರತೆ ಕಾಯಿಲ್ ಹಿಡಿಯುವ ಕೈಗಳದ್ದಲ್ಲ

ಥ್ರೆಶೋಲ್ಡ್ ಹುಡುಕುವುದು ನಾಜೂಕಿನ ಕೆಲಸ, ಒಪ್ಪಿದೆ. ಅದನ್ನು ಮಾಡುವವರು ಚೆನ್ನಾಗಿ ಕಲಿತಿರಬೇಕು, ಅದನ್ನೂ ಒಪ್ಪಿದೆ. 'ಎಲ್ಲರೂ' ಎನ್ನುವಲ್ಲಿ ತಕರಾರು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಿ. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92. ಇವರಿಗೆ ಟಿಎಂಎಸ್ ಸಿಗಲಿಲ್ಲ ಎಂದಲ್ಲ. ಒಂದು ಚೀಟಿಯ ಮಾತ್ರೆಯೂ ಸಿಗಲಿಲ್ಲ.

ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುತ್ತಾರೆ. ಮನೋವೈದ್ಯರು ಬರುವ ದಿನ ಕಾದು ಜನ ಬರುತ್ತಾರೆ. ಟಿಎಂಎಸ್‌ಗೆ ವಾರದಲ್ಲಿ ಐದು ದಿನ, ಹೀಗೆ ನಾಲ್ಕರಿಂದ ಆರು ವಾರ ಬರಬೇಕು. ಲಿಂಗಸುಗೂರಿನ ಕಡೆಯ ಕೂಲಿ ಹೆಂಗಸು ಒಂದು ತಿಂಗಳ ಕೂಲಿ ಬಿಟ್ಟು, ದಿನಾ ಬಸ್ ಚಾರ್ಜ್ ಕೊಟ್ಟು ಬರುತ್ತಾಳಾ? ಆ ಕ್ಲಿನಿಕ್‌ನಲ್ಲಿ ಕೂರುವ ಡಾಕ್ಟರಿಗೆ ಕಾಯಿಲ್ ಪಾಠ ಕಡ್ಡಾಯ ಮಾಡಿ ಏನು ಸಾಧಿಸುತ್ತೀರಿ?

ಎಂಡಿ ಇರುವುದು ಮೂರು ವರ್ಷ. ಅದರಲ್ಲೇ ವಾರ್ಡು, ಓಪಿಡಿ, ವ್ಯಸನ, ಮಕ್ಕಳ ಮನೋವೈದ್ಯ, ಇಸಿಟಿ, ಥೀಸಿಸ್. ನಡುವೆ ಸೊರಗುವುದು ಯಾವಾಗಲೂ ಸೈಕೋಥೆರಪಿ, ಅಂದರೆ ಮಾತಿನ ಚಿಕಿತ್ಸೆ. ಗೀಳು ಕಾಯಿಲೆಯನ್ನೇ ತಗೊಳ್ಳಿ. ಹೆದರುವುದನ್ನು ಎದುರಿಸುವಂತೆ ಮಾಡಿ, ಕೈ ತೊಳೆಯದೆ ಕೂರಿಸುವ ಇಆರ್‌ಪಿ ಆ ಕಾಯಿಲೆಗೆ ಮೊದಲ ಸಾಲಿನ ಚಿಕಿತ್ಸೆ. ಅದನ್ನು ಸರಿಯಾಗಿ ಮಾಡಬಲ್ಲ ಎಷ್ಟು ಪಿಜಿಗಳು (ಎಂಡಿ ವಿದ್ಯಾರ್ಥಿಗಳು) ಹೊರಬರುತ್ತಾರೆ? ಅದನ್ನು ಬಿಟ್ಟು ಕಾಯಿಲ್ ಕಲಿಸಿದರೆ, ಮಾತಾಡಿ ವಾಸಿ ಮಾಡಬಹುದಾದ ರೋಗಿಯೂ ಟಿಎಂಎಸ್ ಕುರ್ಚಿ ಮೇಲೆ ಕೂರುತ್ತಾನೆ.

ಇನ್ನೊಂದು ಮಾತು. 'ಮಾತ್ರೆಗೆ ಬಗ್ಗದ ಖಿನ್ನತೆ' ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ಬರುವ ಅನೇಕರು ಮಾತ್ರೆಯನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ದಿನ ತಗೊಂಡೇ ಇರುವುದಿಲ್ಲ. ಥೈರಾಯ್ಡ್ ನೋಡಿರುವುದಿಲ್ಲ. ಕುಡಿತದ ಬಗ್ಗೆ ಯಾರೂ ಕೇಳಿರುವುದಿಲ್ಲ. ಈ ಸರಳ ಕೆಲಸ ಚೆನ್ನಾಗಿ ಕಲಿತ ವೈದ್ಯರು ಟಿಎಂಎಸ್ ಬೇಕಾದವರ ಸಾಲನ್ನೇ ಚಿಕ್ಕದು ಮಾಡುತ್ತಾರೆ.

ತಂತ್ರವೂ ಒಂದೆಡೆ ನಿಂತಿಲ್ಲ. ಖಿನ್ನತೆಯಲ್ಲಿ 37.5 ನಿಮಿಷದ ಮಾಮೂಲಿ ಟಿಎಂಎಸ್‌ಗೆ 3 ನಿಮಿಷದ ಥೀಟಾ ಬರ್ಸ್ಟ್ (ಪಲ್ಸ್‌ಗಳನ್ನು ಗುಂಪುಗುಂಪಾಗಿ ವೇಗವಾಗಿ ಕೊಡುವ ಕ್ರಮ) ಸರಿಸಮ ಎಂದು 2018ರಲ್ಲಿ ಕೆನಡಾದ ಅಧ್ಯಯನ ತೋರಿಸಿತು. ಸ್ಟ್ಯಾನ್‌ಫರ್ಡ್‌ನವರು ದಿನಕ್ಕೆ 10 ಸಲದಂತೆ 5 ದಿನಕ್ಕೆ ಮುಗಿಸುವ ಕ್ರಮ ತಂದರು. 2022ರಲ್ಲಿ ಅದಕ್ಕೂ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಇವತ್ತು ಕಲಿತು, ಹತ್ತು ವರ್ಷ ಮೆಷಿನ್ ಮುಟ್ಟದವರ ಕೈಯಲ್ಲಿ ಏನು ಉಳಿದಿರುತ್ತದೆ?

ಕಡ್ಡಾಯ ಎಂದರೆ ನಮ್ಮಲ್ಲಿ ಏನಾಗುತ್ತದೆ ಎಂಬುದು ಗೊತ್ತಿರುವುದೇ. ಒಂದು ಮೆಷಿನ್ ಸುತ್ತ ಹತ್ತು ಜನ ನಿಂತು ನೋಡುತ್ತಾರೆ, ಲಾಗ್‌ಬುಕ್‌ಗೆ ಸಹಿ ಬೀಳುತ್ತದೆ. ಏನೂ ಬಾರದವರಿಗಿಂತ 'ನನಗೆ ಬರುತ್ತೆ' ಎಂದುಕೊಂಡವರು ಜಾಸ್ತಿ ಅಪಾಯ.

ಎಲ್ಲ ಪಿಜಿಗಳಿಗೂ ಒಂದೆರಡು ತರಗತಿ ಸಾಕು. ಯಾರನ್ನು ಕಳಿಸಬೇಕು, ಯಾರನ್ನು ಕಳಿಸಬಾರದು, ಫಿಟ್ಸ್ ಬಂದರೆ ಏನು ಮಾಡಬೇಕು, ಇಷ್ಟು ಗೊತ್ತಿರಲಿ. ಕಾಯಿಲ್ ಹಿಡಿಯುವವರಿಗೆ ಎಂಡಿ ಆದಮೇಲೆ, ರೋಗಿಗಳು ದಿನಾ ಬರುವ ಕೆಲವೇ ಕೇಂದ್ರಗಳಲ್ಲಿ ಫೆಲೋಶಿಪ್ ಇಡಿ. ಅದು ಇಲ್ಲದವರಿಗೆ ಟಿಎಂಎಸ್ ಕ್ಲಿನಿಕ್ ತೆರೆಯಲು ಬಿಡಬೇಡಿ.