ಬೆವರಿನ ರಸೀದಿ

ಬೆಳಗಿನ ಆರು ಗಂಟೆಗೆ ದಾವಣಗೆರೆಯ ಯಾವುದೇ ಪಾರ್ಕಿನಲ್ಲಿ ನಾಲ್ವರು ಹಿರಿಯರು ಸಾಲಾಗಿ, ಅಂದರೆ ದಾರಿಯ ಉದ್ದಕ್ಕಲ್ಲ, ಅಗಲಕ್ಕೆ ಸಾಲಾಗಿ, ರಾಜಕೀಯ ಮಾತನಾಡುತ್ತ ನಡೆಯುತ್ತಿದ್ದರೆ ಹಿಂದಿನಿಂದ ಓಡಿ ಬರುವವನಿಗೆ ಉಳಿಯುವುದು ಎರಡೇ ಉಪಾಯ: ಕೆಮ್ಮುವುದು, ಇಲ್ಲವೆ ದಾಸವಾಳದ ಗಿಡದೊಳಗೆ ನುಗ್ಗುವುದು. ನಾನು ಕೆಮ್ಮಿದೆ. ಅವರಲ್ಲೊಬ್ಬರು ದಾರಿ ಬಿಡುವ ಬದಲು ವಿಚಾರಣೆಗೆ ನಿಂತರು. ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸಲು ಐದು ಕಿಲೋಮೀಟರಿನ ಸಹಾಯಾರ್ಥ ಓಟವಿದೆ, ಅದಕ್ಕೆ ತಯಾರಿ ಎಂದೆ. "ದುಡ್ಡು ಕೊಟ್ರೆ ಸಾಕಲ್ರೀ, ಅದಕ್ಕೆ ಓಡಾದು ಯಾಕೆ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೊಂದು ಉತ್ತರ ಕೊಟ್ಟೇ ತೀರಬೇಕೆಂದು ಇದನ್ನು ಬರೆಯಲು ಕುಳಿತಿದ್ದೇನೆ. ಮೂಳೆ ಕ್ಯಾನ್ಸರಿನಿಂದ ಒಂದು ಕಾಲನ್ನು ಕಳೆದುಕೊಂಡಿದ್ದ ಕೆನಡಾದ ಟೆರಿ ಫಾಕ್ಸ್ ಎಂಬ ಯುವಕ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ, 5,373 ಕಿಲೋಮೀಟರ್ ಕ್ರಮಿಸಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಅವನು ಮನೆಯಲ್ಲಿ ಕುಳಿತು ಕೇಳಿದ್ದರೆ ಯಾರು ಕೊಡುತ್ತಿದ್ದರು? ಅಷ್ಟು ದೂರವೇಕೆ, ನಮ್ಮೂರಿನಲ್ಲೇ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ದೀಡ್ ನಮಸ್ಕಾರ ಹಾಕುವವರನ್ನು "ಕಾಣಿಕೆ ಹಾಕಿದರೆ ಸಾಕಲ್ಲ, ಮೈ ಯಾಕೆ ನೋಯಿಸಿಕೊಳ್ಳುತ್ತೀರಿ" ಎಂದು ಯಾರೂ ತಡೆಯುವುದಿಲ್ಲ. ಈ ಎಳೆಯನ್ನು ಹಿಡಿದು ಮುಂದುವರಿದರೆ ಉತ್ತರ ಸಿಕ್ಕೀತು. ಆದರೆ ಅದಕ್ಕೆ ಮೊದಲು ಟೀ ಶರ್ಟಿನ ವಿಷಯವನ್ನು ಇತ್ಯರ್ಥ ಮಾಡಿಬಿಡಬೇಕು.

ನೋಂದಣಿ ಶುಲ್ಕ ಕೊಟ್ಟವರಿಗೆಲ್ಲ ಒಂದು ಟೀ ಶರ್ಟು ಉಂಟು. ದಾನಕ್ಕೆ ಪ್ರತಿಯಾಗಿ ಬಟ್ಟೆ ಪಡೆಯುವುದು ನನ್ನ ದೃಷ್ಟಿಯಲ್ಲಿ ದಾನವಲ್ಲ, ವ್ಯಾಪಾರ, ಅದನ್ನಾದರೂ ಸಹಿಸೋಣ. ಆ ಟೀ ಶರ್ಟು ಪಾಲಿಯೆಸ್ಟರಿನದು ಎಂಬುದನ್ನು ಸಹಿಸಲಾಗದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ಇಲ್ಲಿನ ಹತ್ತಿ ಗಿರಣಿಗಳ ಪಾಳಿಗೆ ತಕ್ಕಂತೆ ಊರಿನ ಊಟ, ನಿದ್ರೆ, ಜಗಳ ಎಲ್ಲವೂ ನಡೆಯುತ್ತಿದ್ದವು. ಮಂಡಕ್ಕಿ ಮೆಣಸಿನಕಾಯಿ ಮಾರುವವನೂ ಪಾಳಿ ಬಿಡುವ ಹೊತ್ತು ನೋಡಿ ಎಣ್ಣೆ ಕಾಯಿಸುತ್ತಿದ್ದ. ಗಿರಣಿಗಳು ಮುಚ್ಚಿದವು, ಅದು ಬೇರೆ ಕತೆ. ಆದರೆ ಅಂಥ ಊರಿನ ಜನ ಪೆಟ್ರೋಲಿಯಂ ಮೂಲದ ನೂಲನ್ನು ಮೈಗೆ ಸುತ್ತಿಕೊಂಡು, ಬೆನ್ನ ಮೇಲೆ ಪ್ರಾಯೋಜಕರ ಹೆಸರುಗಳನ್ನು ಹೊತ್ತು, ಆರೋಗ್ಯಕ್ಕಾಗಿ ಓಡುವುದೆಂದರೆ ಏನರ್ಥ? ಗಾಳಿಯ ತೇವದಿಂದ ಹತ್ತಿ ತನ್ನ ತೂಕದ ಶೇ. 8ರ ಆಸುಪಾಸು ಹೀರಿಕೊಂಡರೆ ಪಾಲಿಯೆಸ್ಟರ್ ಶೇ. 0.4ರಷ್ಟನ್ನು ಮಾತ್ರ ಹೀರಿಕೊಳ್ಳುತ್ತದೆ. ಅದಕ್ಕೇ ಅದು ಬೇಗ ಒಣಗುತ್ತದೆ ಎನ್ನುತ್ತಾರೆ. ಒಣಗುತ್ತದೆ, ಸರಿ; ಬೆವರಿನ ವಾಸನೆಯನ್ನು ಮಾತ್ರ ಎಷ್ಟು ಒಗೆದರೂ ಬಿಡುವುದಿಲ್ಲ. ಹಿಂದಿನ ಓಟದ ಟೀ ಶರ್ಟನ್ನು ನನ್ನ ಹೆಂಡತಿ ಮನೆಯ ಉಳಿದ ಬಟ್ಟೆಗಳ ಜೊತೆ ನೆನೆಹಾಕಲು ಇಂದಿಗೂ ಒಪ್ಪುವುದಿಲ್ಲ. ಹಳೆಯ ಹತ್ತಿ ಬನಿಯನ್ನಾದರೆ ಕೊನೆಗೆ ಸ್ಕೂಟರ್ ಒರೆಸಲಿಕ್ಕಾದರೂ ಬರುತ್ತದೆ. ಇದು ನೀರನ್ನು ಹೀರದೆ ಅತ್ತಿಂದಿತ್ತ ತಳ್ಳುತ್ತದೆ, ಅಷ್ಟೆ.

ಇದನ್ನೆಲ್ಲ ಸಂಘಟಕರಲ್ಲೊಬ್ಬ ಹುಡುಗನಿಗೆ ಸಾವಧಾನವಾಗಿ ವಿವರಿಸಿ, ಟೀ ಶರ್ಟೇ ಬೇಡ, ಅದರ ಖರ್ಚನ್ನೂ ರೋಗಿಗಳಿಗೆ ಸೇರಿಸಿ, ಕೊಡಲೇಬೇಕೆಂದಿದ್ದರೆ ಹತ್ತಿಯದನ್ನು ಕೊಡಿ ಎಂದೆ. ಹತ್ತಿ ಬೆವರು ಕುಡಿದು ಭಾರವಾಗುತ್ತದೆ, ಓಟಗಾರರಿಗೆ ಆಗಿಬರುವುದಿಲ್ಲ ಎಂದು ಅವನು ಅಷ್ಟೇ ಸಾವಧಾನವಾಗಿ ತಿಳಿಸಿದ. ನನ್ನ ವೇಗದಲ್ಲಿ ಓಡುವವರಿಗೆ ಆ ಭಾರ ಲೆಕ್ಕಕ್ಕೇ ಬಾರದೆಂದು ವಾದಿಸುವಷ್ಟರಲ್ಲಿ, "ಅಂಕಲ್, ಎಂ ಸೈಜು ಮಾತ್ರ ಉಳಿದಾವೆ, ಬೇಗ ಹೇಳಿ" ಎಂದ. ನನಗೆ ಬೇಕಾದದ್ದು ಡಬಲ್ ಎಕ್ಸೆಲ್. ಹತ್ತಿಯ ಪರವಾದ ವಾದವನ್ನು ಅಲ್ಲಿಗೇ ಬಿಟ್ಟು, ಶುಲ್ಕ ಕೊಟ್ಟವನಿಗೆ ಅಳತೆಯ ಬಟ್ಟೆ ಪಡೆಯುವ ಹಕ್ಕಿದೆ ಎಂಬ ಇನ್ನೊಂದು ವಾದವನ್ನು ಆರಂಭಿಸಬೇಕಾಯಿತು.