ಹನ್ನೆರಡಾರಲ ಎಪ್ಪತ್ತೆರಡು

ನಮ್ಮ ಭಾವನಿಗೆ ‘ಅನ್‌ಲಿಮಿಟೆಡ್’ ಅನ್ನೋ ಬೋರ್ಡ್ ಕಂಡರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಕಂಪನಿ ಕೆಲಸದ ಮೇಲೆ ತುಮಕೂರಿಂದ ಟೋಕಿಯೋಗೆ ಬಂದವರು ಮೊದಲು ಕೇಳಿದ್ದೇ ಅದು. "ಇಲ್ಲಿ ಆ ಥರದ್ದು ಇಲ್ವೇನೋ?"

ಇದೆ. ತಾಬೆಹೋದಾಯ್ ಅಂತಾರೆ, ಮನಸ್ಸು ಬಂದಷ್ಟು ತಿನ್ನೋದು. ನಾವೇ ಎದ್ದು ಹೋಗಿ ಬಡಿಸಿಕೊಳ್ಳುವ ಬಫೆಯಾದರೆ ಅದಕ್ಕೆ ‘ಬೈಕಿಂಗು’. ಅಂದರೆ ವೈಕಿಂಗ್. 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲ್ ತನ್ನ ಬಫೆಗೆ ಇಟ್ಟ ಹೆಸರು ಇಡೀ ದೇಶದ ಬಫೆಗಳಿಗೆ ಅಂಟಿಕೊಂಡಿತು. ಭಾವ ಇಳಿದುಕೊಂಡಿದ್ದ ಕಡೆ, ಬೆಳಿಗ್ಗೆ ಏಳಕ್ಕೆ ಬೈಕಿಂಗು ಇದೆ ಅಂದರಂತೆ. "ನನಗೆ ಮಂಡಿ ನೋವು, ಬೈಕು ಗೀಕು ಆಗಲ್ಲ" ಅಂತ ಇವರು ರೂಮಲ್ಲೇ ಉಪವಾಸ ಕೂತಿದ್ದಾರೆ.

ಅದೇ ಹಸಿವಲ್ಲಿ ಅವರನ್ನು ಒಂದು ಸೂಶಿ ತಾಬೆಹೋದಾಯ್‌ಗೆ ಕರೆದುಕೊಂಡು ಹೋದೆ. ತಲೆಗೆ 3,500 ಯೆನ್, 90 ನಿಮಿಷ, ತಟ್ಟೆಯಲ್ಲಿ ಬಿಟ್ಟರೆ ಬೇರೆ ದುಡ್ಡು. ಭಾವ ಮೊಟ್ಟೆವರೆಗೆ ಬರುತ್ತಾರೆ, ಮೀನಿನ ಹತ್ತಿರ ಸುಳಿಯಲ್ಲ. ಹಾಗಂತ ಒಬ್ಬರಿಗೆ ಮಾತ್ರ ತಾಬೆಹೋದಾಯ್ ಕೊಡಲ್ಲ, ಮೇಜಿನಲ್ಲಿ ಕೂತವರೆಲ್ಲ ತಗೋಬೇಕು.

"ಮಿಸೋ ಸೂಪು?"

"ಅದರಲ್ಲಿ ಒಣಮೀನಿನ ತಿಳಿ ಇರುತ್ತೆ ಭಾವ."

"ಮೊಟ್ಟೆ?"

"ಅದಕ್ಕೂ ಅದೇ ತಿಳಿ ಹಾಕ್ತಾರೆ."

ಉಳಿದಿದ್ದು ಎರಡು. ಒಂದು ಎದಾಮಾಮೆ, ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ. ತಿನ್ನೋದು ಹೇಗೆ ಅಂತ ಹೇಳಿಕೊಡಲು ನಾನು ಬಾಯಿ ತೆಗೆಯುವಷ್ಟರಲ್ಲಿ ಭಾವ ಹತ್ತು ಕಾಯಿ ಹಿಚುಕಿ ಬಾಯಿಗೆ ಹಾಕಿಕೊಂಡಿದ್ದರು. ಅವರೆಕಾಯಿ ಸೀಮೆಯವರಿಗೆ ನಾನೇನು ಹೇಳಿಕೊಡೋದು! ಇನ್ನೊಂದು ಕಪ್ಪಾಮಾಕಿ. ಸೌತೆಕಾಯಿ ಕಡ್ಡಿಯನ್ನು ಅನ್ನದ ಮಧ್ಯೆ ಇಟ್ಟು, ಸಮುದ್ರಪಾಚಿಯ ಹಾಳೆಯಲ್ಲಿ ಸುತ್ತಿ ಕತ್ತರಿಸಿದ್ದು. ಕಪ್ಪಾ ಅಂದರೆ ಅಲ್ಲಿನ ಕಥೆಗಳಲ್ಲಿ ಬರುವ ಒಂದು ನೀರುಭೂತ. ಅದಕ್ಕೆ ಸೌತೆಕಾಯಿ ಅಂದರೆ ಪ್ರಾಣ.

ಆರ್ಡರ್ ಮಾಡಲು ಮೇಜಿನ ಮೇಲೆ ಟ್ಯಾಬ್ಲೆಟ್. ಇಂಗ್ಲಿಷ್‌ಗೆ ಬದಲಾಯಿಸುವ ಗುಂಡಿಯೂ ಇತ್ತು. ಆದರೆ ಎರಡು ವರ್ಷ ಜಪಾನಲ್ಲಿದ್ದು, ಭಾವನ ಎದುರಿಗೆ ಅದನ್ನು ಒತ್ತೋದಾ?

"ಹನ್ನೆರಡು ಚೂರು ಸಾಕಾ ಭಾವ?"

"ಹನ್ನೆರಡು ಯಾವ ಮೂಲೆಗೆ? ಇರಲಿ, ಮೊದಲು ಹಾಕು."

ಒಂದು ಸಲಕ್ಕೆ ನಾಲ್ಕರ ಮೇಲೆ ಒತ್ತಲು ಅದು ಬಿಡಲಿಲ್ಲ. ಪಾಪ, ಎಚ್ಚರಿಸಿತ್ತು. ನಾನು ಮೂರು ಸಲ ಒತ್ತಿದೆ.

ಮೊದಲು ನಾಲ್ಕು ತಟ್ಟೆ ಬಂತು. ಒಂದೊಂದರಲ್ಲೂ ಆರು ಚೂರು. ಮತ್ತೆ ನಾಲ್ಕು ಬಂತು. ನನ್ನ ಮೀನಿಗೆ ಜಾಗವಿಲ್ಲದೆ ಸೋಯಾ ಸಾಸ್ ಬಾಟಲಿ ನನ್ನ ತೊಡೆ ಮೇಲೆ ಬಂತು. ಮೂರನೇ ಸಲ ಟ್ರೇ ಬಂದಾಗ ಭಾವ ಬೆರಳು ಮಡಚಿ ಶಾಂತವಾಗಿ ಹೇಳಿದರು, "ಹನ್ನೆರಡಾರಲ ಎಪ್ಪತ್ತೆರಡು."

ವಸಾಬಿಯನ್ನು ಚಟ್ನಿ ಅಂತ ನುಂಗಿದ ಕಥೆ ಎಲ್ಲರೂ ಬರೀತಾರೆ, ಅದು ಬಿಡಿ. ನಮ್ಮ ಕಷ್ಟ ಖಾರದ್ದಲ್ಲ, ಅನ್ನದ್ದು. ಇಪ್ಪತ್ತು ಚೂರಿನವರೆಗೆ ಭಾವ ಮಾತಾಡುತ್ತಾ ತಿಂದರು. ಮೂವತ್ತಕ್ಕೆ ಬೆಲ್ಟ್ ಒಂದು ತೂತು ಸಡಿಲವಾಯಿತು. ಆಮೇಲೆ ಬ್ಯಾಗಿನಿಂದ ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ ತೆಗೆದು, ಮೇಜಿನ ಕೆಳಗೆ ಚೂರು ಅದ್ದಿಕೊಂಡು ತಿನ್ನತೊಡಗಿದರು. ಹೊರಗಿನ ತಿಂಡಿ ತರಬಾರದು ಅಂತ ಗೋಡೆ ಮೇಲೆ ಬರೆದಿತ್ತು. ಅದು ಮಾತ್ರ ನನಗೆ ಚೆನ್ನಾಗಿ ಓದಲು ಬಂತು. ಆದರೂ ಸುಮ್ನೆ ನನ್ನ ಕೈಯನ್ನೂ ಮೇಜಿನ ಕೆಳಗೆ ಚಾಚಿದೆ.

ಎಪ್ಪತ್ತನೇ ನಿಮಿಷಕ್ಕೆ ಬಡಿಸುವ ಹುಡುಗಿ ಬಂದು ಬಗ್ಗಿ ಏನೋ ಕೇಳಿದಳು.

"ಏನಂತೆ?"

"ಇದೇ ಕೊನೆ ಆರ್ಡರಂತೆ ಭಾವ. ಇನ್ನೂ ಏನಾದರೂ ಬೇಕಾ ಅಂತಿದ್ದಾಳೆ."

ಇನ್ನೂ ಹತ್ತೊಂಬತ್ತು ಚೂರು ಉಳಿದಿತ್ತು. ಭಾವ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಮದುವೆಮನೆಯಲ್ಲಿ ಹೋಳಿಗೆಯವನು ಬಂದಾಗ ಮಾಡುವ ಹಾಗೆ, ಎರಡೂ ಕೈ ಅಗಲಿಸಿ ತಟ್ಟೆಗೆ ಅಡ್ಡ ಹಿಡಿದರು. ಬೆರಳ ತುಂಬ ಚಟ್ನಿಪುಡಿ.